ಬೂಷ್ಟು ಮೇಡಂ ತೆಗೆದ ಕೆಂಪು

ಹೋದ ವಾರ ನಮ್ಮ ಕಾರ್ಖಾನೆಯ ಲ್ಯಾಬಿಗೆ ಒಂದು ಸ್ಯಾಂಪಲ್ ಬಂತು. ಅಂಗೈಯಗಲದ ಬಿಳಿ ಡಬ್ಬಿ, ಒಳಗೆ ಕಡುಗೆಂಪು ಪುಡಿ. ತಿನ್ನುವ ಪದಾರ್ಥಗಳಿಗೆ ಹಾಕುವ ಬಣ್ಣ, ಹೊರದೇಶದಿಂದ ಬಂದದ್ದು. ಬಿಡದಿ ಕೈಗಾರಿಕಾ ಪ್ರದೇಶದ ಈ ಕಾರ್ಖಾನೆಗೆ ಬರುವ ಇಂಥವನ್ನೆಲ್ಲ ಪರೀಕ್ಷೆ ಮಾಡಿ ಸಹಿ ಹಾಕುವುದು ನನ್ನ ಕೆಲಸ. ಮುಚ್ಚಳ ತಿರುಗಿಸಿದೆ. ನೆನೆದ ಅಕ್ಕಿಯ ವಾಸನೆ, ಅದರ ಹಿಂದೆಯೇ ತೆಳ್ಳಗೆ ಹೆಂಡದ ಹುಳಿ, ಅದಕ್ಕೂ ಹಿಂದೆ ಮಳೆಗೆ ತೊಯ್ದ ಹುಲ್ಲಿನ ಬಣವೆ... ಚಮಚ ಹಿಡಿದ ಕೈ ಹಾಗೇ ನಿಂತಿತು. ಸೂಕ್ಷ್ಮಾಣುಗಳಿಂದ ತೆಗೆದ ನೈಸರ್ಗಿಕ ಬಣ್ಣ ಎಂದು ಡಬ್ಬಿಯ ಮೇಲೆ ಬರೆದಿತ್ತು. "ಎಂಥೆಂಥಾದ್ದು ಕಂಡುಹಿಡೀತಾರೆ ಅಲ್ವಾ, ಆ ದೇಶದೋರು" ಎಂದಳು ಪಕ್ಕದ ಮೇಜಿನ ಸಹೋದ್ಯೋಗಿ. ನನಗೆ ಮೈ ಉರಿಯಿತು. ಅವಳ ತಪ್ಪೇನಿಲ್ಲ. ಇಂಥದೇ ಕೆಂಪನ್ನು ಚನ್ನಪಟ್ಟಣದಲ್ಲಿ, ಮುರಿದ ಬೆಂಚುಗಳನ್ನು ತುಂಬಿದ್ದ ಕೋಣೆಯೊಂದರಲ್ಲಿ, ಪ್ರೆಷರ್ ಕುಕ್ಕರ್ ಇಟ್ಟುಕೊಂಡು ಒಬ್ಬರು ತೆಗೆದಿದ್ದರು ಎಂದು ಅವಳಿಗೆ ಯಾರು ತಾನೇ ಹೇಳಿದ್ದಾರೆ?

ನಾನು ಓದುತ್ತಿದ್ದ ಅಲ್ಲಿನ ಕಾಲೇಜಿನಲ್ಲಿ ಎಲ್ಲರೂ ಅವರನ್ನು ಬೂಷ್ಟು ಮೇಡಂ ಎನ್ನುತ್ತಿದ್ದರು. ಬೆನ್ನ ಹಿಂದೆ ಮಾತ್ರ. ಅದು ಅವರಿಗೂ ಗೊತ್ತಿತ್ತು. ನಮ್ಮ ತರಗತಿಗೆ ಬಂದ ಮೊದಲನೇ ದಿನವೇ ಮೇಜಿನ ಮೇಲೆ ಕೈಯೂರಿ, "ನನ್ನ ಹಿಂದ್ಗಡೆ ಏನಂತ ಕರೀತೀರ ಅಂತ ಗೊತ್ತು ಕಣ್ರೋ. ಮುಂದ್ಗಡೇನೂ ಹಂಗೇ ಕರೀರಿ. ಬೂಷ್ಟಿಲ್ದಿದ್ರೆ ನಿಮ್ಮೂರ ತಿಪ್ಪೆ ಕರಗ್ತಿರ್ಲಿಲ್ಲ, ಹೊಲಕ್ಕೆ ಗೊಬ್ಬರ ಆಯ್ತಿರ್ಲಿಲ್ಲ" ಎಂದರು. ಇಂಗ್ಲಿಷಿನ ಸೂಕ್ಷ್ಮಜೀವಶಾಸ್ತ್ರದ ಪುಸ್ತಕ ನೋಡಿ ಹೆದರಿ ಕೂತಿದ್ದ ನಮಗೆ ಆವತ್ತು ಉಸಿರು ಬಂತು.

ಅವರು ಖಾಯಂ ಉಪನ್ಯಾಸಕಿಯಲ್ಲ, ಅತಿಥಿ ಉಪನ್ಯಾಸಕಿ. ಪ್ರತಿವರ್ಷ ಕಾಲೇಜು ಕರೆದರೆ ಉಂಟು, ಇಲ್ಲವಾದರೆ ಇಲ್ಲ. ನಲವತ್ತರ ಆಸುಪಾಸಿನ ವಯಸ್ಸು. ವಿರೂಪಾಕ್ಷಿಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹೆಗಲಲ್ಲೊಂದು ನೈಲಾನ್ ಚೀಲ, ಅದರಲ್ಲಿ ಊಟದ ಡಬ್ಬಿ, ಅದರ ಪಕ್ಕದಲ್ಲೇ ಹತ್ತಿಯಿಂದ ಬಾಯಿ ಮುಚ್ಚಿದ ಗಾಜಿನ ಕೊಳವೆಗಳು. ಬೆರಳ ತುದಿಗಳು ಸದಾ ಕೆಂಪಗಿರುತ್ತಿದ್ದವು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸರು ಮದರಂಗಿಯಾ ಎಂದು ಕೇಳುತ್ತಿದ್ದರಂತೆ. "ಇಲ್ಲ, ಬೂಷ್ಟು ಅಂದೆ ಅನ್ನು, ಒಸಿ ಸರ್ಕೊಂಡು ಕೂತ್ಕೋತಾರೆ. ನಂಗೆ ಸೀಟು ಧಾರಾಳ ಆಯ್ತದೆ" ಎಂದು ನಗುತ್ತಿದ್ದರು.

ಆ ಬೂಷ್ಟು ಅವರಿಗೆ ಸಿಕ್ಕಿದ್ದು ಅವರದೇ ಊರಿನ ಒಂದು ಬಣವೆಯ ತಳದಲ್ಲಿ. ಮಳೆಗಾಲ ಕಳೆದ ಮೇಲೆ ಹುಲ್ಲು ಎಳೆಯುವಾಗ ಕೊಳೆತ ಕಟ್ಟಿನ ನಡುವೆ ಕುಂಕುಮ ಚೆಲ್ಲಿದಂತೆ ಒಂದು ಕಲೆ. ಬೇರೆಯವರು ತಿಪ್ಪೆಗೆ ಎಸೆಯುತ್ತಿದ್ದರು. ಇವರು ಬೆಂಕಿಪೊಟ್ಟಣದಲ್ಲಿಟ್ಟು ತಂದರು. ಅದರ ಜೊತೆಗಿದ್ದ ಹಸಿರು ಬೂಷ್ಟು, ಕರಿ ಬೂಷ್ಟುಗಳಿಂದ ಅದನ್ನು ಬಿಡಿಸಿ ಶುದ್ಧ ಮಾಡಿಕೊಳ್ಳುವುದಕ್ಕೆ ಎರಡು ವರ್ಷ ಹಿಡಿಯಿತಂತೆ. ಅದನ್ನು ಕೊಳವೆಯೊಂದರಲ್ಲಿ ಕಾಪಾಡಿಕೊಂಡು ಬಂದಿದ್ದರು. ಅದಕ್ಕೆ ಅವರಿಟ್ಟ ಹೆಸರು ಹೆಪ್ಪು. ಮೊಸರಿಗೆ ಹೆಪ್ಪು ಹಾಕುವಂತೆ ಅನ್ನಕ್ಕೆ ಆ ಹೆಪ್ಪು.

ಕೆಳಮಹಡಿಯ ಮೂಲೆಯ ಕೋಣೆಯಲ್ಲಿ ಅವರ ಕೆಲಸ ನಡೆಯುತ್ತಿತ್ತು. ಅಕ್ಕಿ ನೆನೆಸಿ, ಉಪ್ಪಿನಕಾಯಿ ಬಾಟಲಿಗಳಲ್ಲಿ ತುಂಬಿ, ಬಾಯಿಗೆ ಹತ್ತಿ ಗಿಡಿದು ಕುಕ್ಕರಿನಲ್ಲಿ ಬೇಯಿಸುವುದು. ಒಳಗಿದ್ದ ಬೇರೆ ಜೀವಿಗಳೆಲ್ಲ ಸಾಯಬೇಕು. ಆರಿದ ಮೇಲೆ ಸ್ಪಿರಿಟ್ ದೀಪದ ಪಕ್ಕದಲ್ಲಿಟ್ಟುಕೊಂಡು, ಕಾಯಿಸಿದ ತಂತಿಯ ತುದಿಯಿಂದ ಸಾಸಿವೆಯಷ್ಟು ಹೆಪ್ಪು ಹಾಕುವುದು. ಮೂರನೇ ದಿನ ಅನ್ನದ ಮೇಲೆ ಬಿಳಿ ನೂಲು. ಆಮೇಲೆ ಕಿತ್ತಳೆ. ಹತ್ತನೇ ದಿನದ ಹೊತ್ತಿಗೆ ಬಾಟಲಿಯ ತುಂಬ ದಾಸವಾಳದ ಕೆಂಪು! ಅದನ್ನು ಒಣಗಿಸಿ, ಕುಟ್ಟಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಸ್ಪಿರಿಟ್ ಆರಲು ಬಿಟ್ಟರೆ ತಟ್ಟೆಯ ತಳದಲ್ಲಿ ಬಣ್ಣ ಉಳಿಯುತ್ತಿತ್ತು. "ಬಾಯಿಗಿಡಬ್ಯಾಡಿ. ಇದೇ ಬೂಷ್ಟು ಬಣ್ಣದ ಜತೇಲಿ ವಿಷಾನೂ ಮಾಡ್ಬೋದು. ಪರೀಕ್ಷೆ ಆಗೋಗಂಟ ಇದು ನೂಲಿಗೆ ಮಾತ್ರ" ಎಂದು ಪ್ರತಿಸಲ ಎಚ್ಚರಿಸುತ್ತಿದ್ದರು.

ನೂಲೇ ಯಾಕೆ ಎಂದು ಒಂದು ಸಲ ಕೇಳಿದ್ದೆ. ಅವರ ತಾಯಿ ಬಹಳ ವರ್ಷ ರೇಷ್ಮೆ ನೂಲಿಗೆ ಬಣ್ಣ ಹಾಕುವ ಶೆಡ್ಡೊಂದರಲ್ಲಿ ಕೂಲಿ ಮಾಡಿದವರು. ರಾಸಾಯನಿಕದ ಬಣ್ಣದ ನೀರಿನಲ್ಲಿ ಕೈ ಆಡಿಸಿ ಆಡಿಸಿ ಅಂಗೈ ಸುಲಿದುಹೋಗಿತ್ತಂತೆ. "ನಮ್ಮವ್ವ ಬಿಸಿ ಮುದ್ದೆ ಕಟ್ಟಕ್ಕಾಗ್ದೆ ಅಳ್ತಿತ್ತು ಕಣೇ. ಸೌಟಲ್ಲಿ ಎತ್ತಿ ತಟ್ಟೆಗೆ ಹಾಕೋದು. ನಾವು ಹಂಗೇ ಉಣ್ತಿದ್ದೋ." ಅಷ್ಟೇ ಹೇಳಿ ಬಾಟಲಿ ತೊಳೆಯಲು ಎದ್ದುಹೋದರು. ಆ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ.

ನಮ್ಮ ಊರು ಹೊಂಗನೂರಿನ ಪಕ್ಕ. ಮನೆಯಲ್ಲಿ ರೇಷ್ಮೆ ಹುಳ ಮೇಯಿಸುತ್ತಿದ್ದೆವು. ಒಂದು ದಿನ ಬೆಳಗ್ಗೆ ಸೊಪ್ಪು ಹಾಕುವಾಗ ತಟ್ಟೆಯ ಅಂಚಿನಲ್ಲಿ ಸತ್ತುಬಿದ್ದಿದ್ದ ಒಂದು ಹುಳ ಕಣ್ಣಿಗೆ ಬಿತ್ತು. ಮೈಯೆಲ್ಲ ಕೆಂಪು. ಹುಳದ ಮನೆಯಿಂದ ಏನನ್ನೂ ಆಚೆ ಒಯ್ಯಬಾರದೆಂದು ಅಪ್ಪನ ಕಟ್ಟುನಿಟ್ಟು. ಆದರೂ ಕದ್ದು ಪೊಟ್ಟಣ ಕಟ್ಟಿ ಮೇಡಮ್ಮಿಗೆ ತಂದುಕೊಟ್ಟೆ. ಅವರು ಅದರ ಮೈಯ ರಸದ ಒಂದು ಹನಿಯನ್ನು ಜೆಲ್ಲಿಗೆ ಹಾಕುವ ಚೈನಾ ಗ್ರಾಸಿನ ಗಂಜಿ ಹೊಯ್ದ ತಟ್ಟೆಯ ಮೇಲೆ ಎಳೆದಿಟ್ಟರು. ಎರಡು ದಿನಕ್ಕೆ ಅದರಲ್ಲಿ ರಕ್ತದ ಹನಿಗಳಂಥ ಚುಕ್ಕಿಗಳು ಎದ್ದವು. ಇದೂ ಬಣ್ಣ ಮಾಡುವ ಸೂಕ್ಷ್ಮಾಣುವೇ, ಬೂಷ್ಟಲ್ಲ, ಬ್ಯಾಕ್ಟೀರಿಯಾ ಎಂದು ತರಗತಿಗೆ ತೋರಿಸಿದರು. "ಈ ಕೆಂಪು ಎಷ್ಟು ಚೆಂದಾಗಿದ್ರೂ ನಮಗೆ ಬ್ಯಾಡ. ಇದು ಹುಳ ಕೊಲ್ತದೆ. ಹುಳ ನಂಬ್ಕೊಂಡಿರೋ ಸೀಮೇಲಿ ಇದ್ನ ಇಟ್ಕೋಬಾರ್ದು" ಎಂದು ನಮ್ಮೆದುರೇ ತಟ್ಟೆಯನ್ನು ಕುಕ್ಕರಿಗೆ ಹಾಕಿ ಕೂಗಿಸಿದರು.

ಆ ಸಂಜೆ ಊಟಕ್ಕೆ ಕೂತಾಗ ನಾನು ಜಂಬದಿಂದ ಹೇಳಿಬಿಟ್ಟೆ. ನಮ್ಮ ಮೇಡಂ ಹುಳದ ರೋಗವನ್ನು ತಟ್ಟೆಯಲ್ಲಿ ಬೆಳೆಸಿದರು, ರಕ್ತದ ಹಾಗೆ ಕೆಂಪಗಿತ್ತು ಎಂದು. ಹುಳ ಒಯ್ದವಳು ನಾನೇ ಎಂಬುದನ್ನು ಮಾತ್ರ ನುಂಗಿಕೊಂಡೆ. ಕುಕ್ಕರಿನ ಸಂಗತಿ ಹೇಳುವಷ್ಟರಲ್ಲಿ ಚಿಕ್ಕಪ್ಪ ಕೈತೊಳೆಯಲು ಎದ್ದಿದ್ದ. ಮಾರನೆಯ ಬೆಳಗ್ಗೆ ಅವನು ಹಾಲಿನ ಡೈರಿಯ ಮುಂದೆ ಆ ಮಾತು ಆಡಿದ. ಬಾಯಿಂದ ಬಾಯಿಗೆ ಹೋಗುತ್ತ ಹೋಗುತ್ತ ಅದು, ಕಾಲೇಜಿನಲ್ಲಿ ಹುಳದ ರೋಗ ತಯಾರು ಮಾಡುತ್ತಾರಂತೆ ಎಂದಾಯಿತು.

ಅದಾಗಿ ಕೆಲವು ವಾರಕ್ಕೆ, ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ ಕಳಚಿ ಎದ್ದ ಹುಳಗಳು ಗೂಡು ಕಟ್ಟುವ ಮೊದಲೇ ನಮ್ಮೂರಿನ ಐದಾರು ಮನೆಗಳಲ್ಲಿ ರಾಶಿರಾಶಿಯಾಗಿ ಸತ್ತವು. ನಮ್ಮ ಮನೆಯಲ್ಲೂ.

ಟೆಂಪೋ ತುಂಬ ಜನ ಕಾಲೇಜಿಗೆ ಬಂದರು. ಮುಂದೆ ಚಿಕ್ಕಪ್ಪ, ಗುಂಪಿನ ಕೊನೆಯಲ್ಲಿ, ಬರಬಾರದಿತ್ತೇನೋ ಎಂಬಂತೆ ತಲೆತಗ್ಗಿಸಿಕೊಂಡು ಅಪ್ಪ. ಒಬ್ಬರ ಕೈಯಲ್ಲಿ ಸತ್ತ ಹುಳ ತುಂಬಿದ ಪ್ಲಾಸ್ಟಿಕ್ ಟಬ್ಬು. ನಾವು ಹುಡುಗಿಯರು ಕಾರಿಡಾರಿನಲ್ಲಿ ಗೋಡೆಗೆ ಒತ್ತಿಕೊಂಡು ನಿಂತೆವು. ಗಲಾಟೆ ಕೇಳಿ ಮೇಡಂ ಮೂಲೆಯ ಕೋಣೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಕೈ ನೋಡ್ರಲಾ! ಕೆಂಪಗವೆ!" ಎಂದು ಯಾರೋ ಕೂಗಿದರು.

ಮೇಡಂ ಎರಡೂ ಕೈ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದರು. "ಹೂಂ, ಕೆಂಪಗವೆ. ಇದು ಅಕ್ಕಿ ಮ್ಯಾಲೆ ಬೆಳೆದ ಬೂಷ್ಟು. ನಿಮ್ಮ ಹುಳ ಕೆಂಪಗವಾ? ಇಲ್ಲಿ ಸುರೀರಿ, ನೋಡಾಣ."

ಟಬ್ಬು ಹಿಡಿದವರು ಹಿಂದುಮುಂದು ನೋಡಿದರು. ಇವರೇ ನ್ಯೂಸ್‌ಪೇಪರ್ ಹಾಸಿ, ಟಬ್ಬು ಇಸಿದುಕೊಂಡು ಸುರಿದು, ಕುಕ್ಕುರುಗಾಲಲ್ಲಿ ಕೂತು ಒಂದೊಂದೇ ಹುಳವನ್ನು ಬೆರಳಿನಿಂದ ಹೊರಳಿಸಿದರು. ಊದಿಕೊಂಡ ಹುಳಗಳು, ಒತ್ತಿದರೆ ಹಾಲಿನಂಥ ನೀರು ಜಿನುಗುತ್ತಿತ್ತು. ಕೆಂಪು ಒಂದರಲ್ಲೂ ಇರಲಿಲ್ಲ.

"ಇದು ಯಾವ ರೋಗ ಅಂತ ನಾನು ಹೇಳ್ಬೇಕಾ? ತಾತನ ಕಾಲದಿಂದ ಹುಳ ಮೇಯಿಸ್ತಿರೋರು ನೀವು. ನೀವೇ ಹೇಳಿ."

ಕೊನೆಗೆ ಹಿಂದಿನಿಂದ ವಯಸ್ಸಾದ ಒಬ್ಬರು ಗೊಣಗಿದರು. "ಹಾಲುತೊಂಡೆ."

"ಜೋರಾಗಿ ಹೇಳಿ ಅಣ್ಣಾ."

"ಹಾಲುತೊಂಡೆ ಕಣವ್ವಾ. ಹಳೇ ರೋಗ, ನಮಗೂ ಗೊತ್ತು."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಚಿಕ್ಕಪ್ಪ ಬಿಡಲಿಲ್ಲ. "ಅದೆಲ್ಲ ಬ್ಯಾಡ ಮೇಡಮ್ನೋರೆ. ಕೆಂಪು ರೋಗ ಬೆಳೆಸಿದ್ದು ದಿಟವೋ ಸುಳ್ಳೋ? ಅಷ್ಟು ಹೇಳಿ."

"ದಿಟ. ಮಕ್ಕಳಿಗೆ ತೋರ್ಸಕ್ಕೆ ಒಂದು ತಟ್ಟೆ ಬೆಳೆಸ್ದೆ. ಅವತ್ತೇ ಬೇಯಿಸಿ ಸಾಯಿಸ್ದೆ."

"ಹುಳ ತಂದ್ಕೊಟ್ಟೋರು ಯಾರು?"

ಅಪ್ಪ ಆಗಲೇ ತಲೆಯೆತ್ತಿ ಕಾರಿಡಾರಿನತ್ತ ನೋಡುತ್ತಿದ್ದರು. ಮೇಡಂ ಮಾತ್ರ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಾನೇ ಎತ್ಕೊಂಡ್ ಬಂದೆ" ಎಂದರು.

ನಾನು ಬಾಯಿ ತೆರೆಯಲಿಲ್ಲ. ಇಷ್ಟು ವರ್ಷವಾದರೂ ಆ ಕ್ಷಣ ನೆನೆದರೆ... ಆ ಗೋಡೆಯ ತಣ್ಣನೆ ಸುಣ್ಣ ಇನ್ನೂ ಬೆನ್ನಿಗೆ ತಾಗಿದಂತಾಗುತ್ತದೆ.

ಪ್ರಾಂಶುಪಾಲರಿಗೆ ಜನ ಮೊದಲು ಅಲ್ಲಿಂದ ಹೋದರೆ ಸಾಕಾಗಿತ್ತು. ಒಂದು ಹಾಳೆ ಮುಂದಿಟ್ಟು, ನನ್ನಿಂದ ತಪ್ಪಾಯಿತು, ಇನ್ನು ಮುಂದೆ ಈ ಪ್ರಯೋಗ ಮಾಡುವುದಿಲ್ಲ ಎಂದು ಬರೆದುಕೊಡಿ, ಎಲ್ಲರೂ ಸಮಾಧಾನವಾಗುತ್ತಾರೆ ಎಂದರು. ಮೇಡಂ ಹಾಳೆ ಓದಿ, ಮಡಿಚಿ, ಅವರ ಮೇಜಿನ ಮೇಲೆಯೇ ವಾಪಸು ಇಟ್ಟರು. "ಮಾಡ್ದೇ ಇರೋ ತಪ್ಪಿಗೆ ನಾನು ಸಹಿ ಹಾಕಲ್ಲ ಸಾರ್. ಬೇಕಾದ್ರೆ ನನ್ನ ತೆಗೀರಿ. ನಾನು ಅಲ್ಲಿಗಂಟ ಪಾಠ ಮಾಡ್ತೀನಿ."

ಮೂಲೆಯ ಕೋಣೆಗೆ ಬೀಗ ಹಾಕಿಸಿದರು. ಬೀಗ ಹಾಕುವ ಮೊದಲು ಮೇಡಂ ಒಳಗೆ ಹೋಗಿ, ಹೆಪ್ಪಿನ ಕೊಳವೆಯನ್ನು ಚೀಲಕ್ಕಿಳಿಸಿ, ಕೆಂಪು ಅನ್ನದ ಒಂದು ದೊಡ್ಡ ಬಾಟಲಿಯನ್ನು ಎದೆಗೆ ಅವಚಿಕೊಂಡು ಹೊರಬಂದರು. ಹಿಂಬಾಗಿಲಿತ್ತು. ಅವರು ಆ ಕಡೆ ಹೋಗಲಿಲ್ಲ. ನೆಟ್ಟಗೆ ಗುಂಪಿನ ನಡುವೆಯೇ ನಡೆದರು. ಯಾರೋ ಅಡ್ಡ ನಿಂತು ಅದೇನು ಎಂದರು. "ಅನ್ನ. ನನ್ನ ಅನ್ನ" ಎಂದರು ಮೇಡಂ. ಜನ ದಾರಿ ಬಿಟ್ಟರು.

ಎರಡು ದಿನ ನನಗೆ ಊಟ ಇಳಿಯಲಿಲ್ಲ. ಮೂರನೇ ದಿನ ಭಾನುವಾರ, ವಿರೂಪಾಕ್ಷಿಪುರದ ಬಸ್ಸು ಹತ್ತಿದೆ. ಅವರು ಹಿತ್ತಲಿನ ಕಲ್ಲಿನ ಮೇಲೆ ಕೂತು ಬಾಟಲಿ ಉಜ್ಜುತ್ತಿದ್ದರು. ಮನೆಯಲ್ಲಿ ಹೇಳಿದ್ದು ನಾನೇ, ಊರಿಗೆ ಸುದ್ದಿ ಹಬ್ಬಿದ್ದು ನನ್ನಿಂದಲೇ ಎಂದು ಬಿಕ್ಕುತ್ತ ಹೇಳಿದೆ. ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣೇ. ನಿಮ್ಮಪ್ಪ ನಿನ್ನ ನೋಡ್ದಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಮೇಡಂ ನನ್ನ ಹೆಸರು ಹೇಳ್ಲಿಲ್ಲ?"

"ಹೇಳಿದ್ರೆ ನಾಳೆಯಿಂದ ನಿನ್ನ ಕಾಲೇಜು ಬಿಡಿಸ್ಬುಡೋರು. ಈಗ ಅಳ್ತಾ ಕೂತ್ರೆ ಏನು ಬಂತು? ನಂಗೆ ನಿಮ್ಮೂರಿಗೆ ದಾರಿ ತೋರ್ಸು."

ನಾನು ಬೇಡವೆಂದೆ. ಜನ ಇನ್ನೂ ಕೋಪದಲ್ಲಿದ್ದಾರೆ ಎಂದೆ. ಅವರು ಆಗಲೇ ಸೀರೆ ಬದಲಿಸಲು ಒಳಗೆ ಹೋಗಿದ್ದರು. ಬ್ಲೀಚಿಂಗ್ ಪೌಡರಿನ ಚೀಲ ಕೊಂಡು, ಎರಡು ಬಸ್ಸು ಬದಲಿಸಿ ನಮ್ಮೂರಿಗೆ ಹೋದಾಗ ಇಳಿಹೊತ್ತು. ಡೈರಿಯ ಮುಂದೆ ಕ್ಯಾನು ಹಿಡಿದು ಜನ ನಿಂತಿದ್ದರು. ಚಿಕ್ಕಪ್ಪ ಮುಂದೆ ಬಂದು, "ಇಲ್ಲಿಗೂ ಬಂದ್ಬುಟ್ರಾ? ಯಾರ ಹುಳ ಸಾಯ್ಸಕ್ಕೆ?" ಎಂದ.

ಆಗ ನನಗೆ ಏನಾಯಿತೋ ತಿಳಿಯದು. "ಚಿಕ್ಕಪ್ಪಾ, ಹುಳ ತಗೊಂಡೋಗಿ ಕೊಟ್ಟೋಳು ನಾನು. ಆ ಕೆಂಪು ರೋಗ ನಮ್ಮನೇದು, ನಮ್ಮ ತಟ್ಟೇಲೇ ಇತ್ತು. ಕಾಲೇಜಿಂದ ಇಲ್ಲಿಗೆ ಬರ್ಲಿಲ್ಲ, ಇಲ್ಲಿಂದ ಅಲ್ಲಿಗೆ ಹೋಯ್ತು" ಎಂದು ಇಡೀ ಡೈರಿಗೆ ಕೇಳುವಂತೆ ಕಿರುಚಿದೆ. ಚಿಕ್ಕಪ್ಪ ಕೈಯೆತ್ತಿದ. ಅಪ್ಪ ನಡುವೆ ಬಂದು ಅವನ ಕೈ ಹಿಡಿದರು. ಮಾತಾಡಿದ್ದು ಅವ್ವ. ಹಾಲಿನ ಚೊಂಬನ್ನು ಕಟ್ಟೆಯ ಮೇಲಿಟ್ಟು ಮುಂದೆ ಬಂದು, "ಸೊಪ್ಪು ಹಾಕೋಳು ನಾನು, ಕಸ ತೆಗೆಯೋಳು ನಾನು. ಬನ್ನಿ ಮೇಡಮ್ನೋರೆ, ನೋಡ್ಬನ್ನಿ" ಎಂದು ಅವರ ಕೈ ಹಿಡಿದು ನಡೆದಳು.

ಮೇಡಂ ಹುಳದ ಮನೆಯ ಮೂಲೆಮೂಲೆ ನೋಡಿದರು. ಸತ್ತ ಹುಳಗಳನ್ನು ನಾವು ಹಿತ್ತಲ ತಿಪ್ಪೆಗೆ ಎಸೆದಿದ್ದೆವು. ಕೋಳಿಗಳು ಕೆದಕಿ ಅಂಗಳವೆಲ್ಲ ಹರಡಿದ್ದವು. ಅದನ್ನೆಲ್ಲ ಬಳಿದು ಸುಣ್ಣ ಹಾಕಿ ಹೂಳಿಸಿದರು. ತಟ್ಟೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿಸಿದರು. ಮುಂದಿನ ಭಾನುವಾರಗಳಲ್ಲೂ ಬಂದು, ಬಾಗಿಲು ತೆಗೆದ ಮನೆಗಳಿಗೆಲ್ಲ ಹೋದರು. ಸೊಂಟಕ್ಕೆ ಸೆರಗು ಸಿಕ್ಕಿಸಿ ತಾವೇ ನೆಲ ತೊಳೆದರು. ಮುಂದಿನ ಬೆಳೆಯಲ್ಲಿ ನಮ್ಮ ಬಿದಿರಿನ ಚಂದ್ರಿಕೆ ತಟ್ಟೆಗಳ ತುಂಬ ಗೂಡು ಬಂತು. ಒಬ್ಬರೂ ಅವರ ಹತ್ತಿರ ಹೋಗಿ ತಪ್ಪಾಯಿತು ಎನ್ನಲಿಲ್ಲ. ಅವರೂ ಅದಕ್ಕೆ ಕಾಯಲಿಲ್ಲ.

ಮರುವರ್ಷ ಕಾಲೇಜು ಅವರನ್ನು ಕರೆಯಲಿಲ್ಲ. ಕಾರಣ ಕೇಳಿ ಅವರು ಬರೆದ ಪತ್ರಗಳಿಗೆ ಉತ್ತರವೂ ಬರಲಿಲ್ಲ. "ಕೋಣೆ ಅವ್ರದು, ಬೀಗ ಹಾಕೊಳ್ಳಿ. ಹೆಪ್ಪು ನಂದು" ಎಂದು ಮನೆಯ ಹಿತ್ತಲಿಗೊಂದು ತಗಡಿನ ಮಾಡು ಇಳಿಸಿ ಕೆಲಸ ಮುಂದುವರಿಸಿದರು. ಬೆಳಗ್ಗೆ ಪಕ್ಕದ ಊರಿನ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನದ ಪಾಠ, ಮಧ್ಯಾಹ್ನದ ಮೇಲೆ ಬೂಷ್ಟು. ರಜೆ ಬಂದಾಗಲೆಲ್ಲ ನಾನೂ ಹೋಗುತ್ತಿದ್ದೆ.

ಬಣ್ಣ ನೂಲಿಗೆ ಹಿಡಿಯುವುದು ಸುಲಭವಿರಲಿಲ್ಲ. ಮೊದಲು ಬಣ್ಣ ಹಾಕಿದ ನೂಲಿನ ಲಡಿ ಬಿಸಿಲಿಗೆ ಒಂದೇ ವಾರದಲ್ಲಿ ಸಪ್ಪಗಾಯಿತು. ರಾಮನಗರದ ಒಬ್ಬ ಬಣ್ಣದ ಮೇಸ್ತ್ರಿಗೆ ತೋರಿಸಿದಾಗ ಆತ ನಕ್ಕು, "ಬೂಷ್ಟಿನ ಬಣ್ಣ ಎಲ್ಲಾದ್ರೂ ನಿಂತದಾ ಮೇಡಂ?" ಎಂದ. ಮೇಡಂ ಮಾಸಿದ ಲಡಿಯನ್ನು ಬಿಸಾಡಲಿಲ್ಲ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, ಪಕ್ಕದಲ್ಲಿ ಮುಂದಿನದಕ್ಕೆ ಜಾಗ ಬಿಟ್ಟರು. ಪಟಿಕ ಹೆಚ್ಚು ಮಾಡಿ, ಕಡಿಮೆ ಮಾಡಿ, ನೀರಿನ ಹುಳಿ ಬದಲಿಸಿ, ಪ್ರತಿ ಲಡಿಯ ಅರ್ಧಕ್ಕೆ ರಟ್ಟು ಕಟ್ಟಿ ಬಿಸಿಲಿಗೆ ಒಡ್ಡಿ... ಎಷ್ಟು ಲಡಿ ಆ ಗೋಡೆಗೆ ಬಂದವೋ ನನಗೆ ನೆನಪಿಲ್ಲ. ಒಂದಕ್ಕಿಂತ ಒಂದು ಒಸಿ ಒಸಿ ಗಟ್ಟಿಯಾಗುತ್ತ ಬಂದವು. ಕೊನೆಗೊಂದು ಲಡಿ ಬಿಸಿಲಲ್ಲಿ ಅರ್ಧ ತಿಂಗಳು ಇದ್ದರೂ ರಟ್ಟಿನೊಳಗಿನ ಭಾಗಕ್ಕೂ ಹೊರಗಿನದಕ್ಕೂ ಹೆಚ್ಚು ಅಂತರ ಕಾಣಲಿಲ್ಲ. ಅದೇ ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ನಿಂತೈತೆ" ಎಂದಷ್ಟೇ ಹೇಳಿದ.

ಆ ದಿನ ಮನೆಗೆ ಬಂದು ಅದೇ ಹದದಲ್ಲಿ ಇನ್ನೊಂದು ಲಡಿಗೆ ಬಣ್ಣ ಹಾಕಿದೆವು. ನೀರು ಉಗುರು ಬೆಚ್ಚಗಾದ ಮೇಲೆ ಮೇಡಂ ತಮ್ಮ ತಾಯಿಯನ್ನು ಕರೆದರು. ಮುದುಕಿ ಬಂದು ಬಣ್ಣದ ಬಾನಿಯ ಮುಂದೆ ಕೂತರು. ಆಮೇಲೆ ಸುಕ್ಕುಗಟ್ಟಿದ ಎರಡೂ ಕೈಯನ್ನು ಮೊಣಕೈವರೆಗೆ ಇಳಿಸಿ, ಲಡಿಯನ್ನು ತಿರುವಿ ತಿರುವಿ ಹಾಕಿದರು. ಆ ಕೈಗಳು ಕೆಲಸ ಮರೆತಿರಲಿಲ್ಲ. ಎತ್ತಿಕೊಂಡ ಮೇಲೆ ಅಂಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡು, "ಉರೀಲಿಲ್ಲ ಕಣವ್ವಾ" ಎಂದರು. ಮೇಡಂ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅದು ದೊಡ್ಡ ಉದ್ಯಮವಾಯಿತು, ಪತ್ರಿಕೆಯಲ್ಲಿ ಬಂತು ಎಂದೆಲ್ಲ ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಇಬ್ಬರು ನೇಕಾರರು ಕೆಲವು ಸೀರೆಯ ಅಂಚಿಗಾಗುವಷ್ಟು ನೂಲು ಕೊಂಡರು. ಮೇಡಂ ಅವರ ತಾಯಿ ತೀರಿಕೊಂಡರು. ಅದಾದ ಮೂರನೇ ವರ್ಷ ಮೇಡಂ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ. ಹೆಣದ ಮುಂದೆ ಕೂತ ಯಾರೋ, ಬೂಷ್ಟಿನ ಗಾಳಿ ಕುಡಿದೂ ಕುಡಿದೂ ಹಿಂಗಾಯ್ತು ಎಂದರು. "ಹೃದಯಾಘಾತ ಅಂತ ಡಾಕ್ಟ್ರು ಬರೆದವ್ರೆ. ಗೊತ್ತಿಲ್ದಿದ್ರೆ ಸುಮ್ಕಿರಿ" ಎಂದೆ. ಸಾವಿನ ಮನೆಯಲ್ಲಿ ಆಡುವ ಮಾತಲ್ಲ. ಆಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ನಾನು ಹೆಪ್ಪನ್ನು ಕೇಳಿಕೊಂಡು ಮತ್ತೆ ಹೋಗುವ ಹೊತ್ತಿಗೆ ಅವರ ಅಣ್ಣನ ಮನೆಯವರು ಹಿತ್ತಲಿನ ಮಾಡು ಕಿತ್ತು ಜಾಗ ತೊಳೆದಿದ್ದರು. ಬಾಟಲಿಗಳಲ್ಲಿ ಮಾವಿನಮಿಡಿ ತುಂಬಿತ್ತು. ಕೊಳವೆಗಳನ್ನು ಗುಜರಿಗೆ ಹಾಕಿದ್ದರು. ಅವರನ್ನು ಬೈಯಲಾರೆ, ಅದೇನೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಅಂಥ ಬೂಷ್ಟು ಬೇರೆ ಕಡೆ ಸಿಗುತ್ತದೆ, ದುಡ್ಡು ಕೊಟ್ಟರೆ ಅಂಚೆಯಲ್ಲೂ ಬರುತ್ತದೆ. ಆದರೆ ಅವರು ಬಣವೆಯಿಂದ ಹೆಕ್ಕಿ, ಎರಡು ವರ್ಷ ಬಿಡಿಸಿ, ಬಿಸಿಲಿಗೆ ನಿಲ್ಲುವಂತೆ ಪಳಗಿಸಿದ ಆ ಕೆಂಪು ಅವರೊಂದಿಗೇ ಹೋಯಿತು... ಅದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು.

ಈಗ ಮಳೆಗಾಲ ಕಳೆದ ಮೇಲೆ ವಾರದ ರಜೆಯಲ್ಲಿ ವಿರೂಪಾಕ್ಷಿಪುರದ ಕಡೆ ಹೋಗುತ್ತೇನೆ. ಪರಿಚಯವಿದ್ದವರ ಕಣದಲ್ಲಿ ಬಣವೆ ಎಳೆಯುವಾಗ ತಳದ ಕೊಳೆತ ಹುಲ್ಲು ಕೇಳಿ ತರುತ್ತೇನೆ. ಜನ ನಗುತ್ತಾರೆ, ನಗಲಿ. ಬೇಯಿಸಿದ ಅನ್ನಕ್ಕೆ ಆ ಹುಲ್ಲಿನ ಚೂರು ಹಾಕಿಡಲು ನಮ್ಮ ಮನೆಯ ಅಡುಗೆಕಟ್ಟೆಯ ಕೊನೆಯಲ್ಲಿ ಈಗ ಏಳು ಬಾಟಲಿಗಳಿವೆ. ಇದುವರೆಗೆ ಹಸಿರು ಬಂದಿದೆ, ಕಪ್ಪು ಬಂದಿದೆ, ಒಮ್ಮೆ ಚೆಂದದ ಹಳದಿಯೂ ಬಂತು. ಕೆಂಪು ಬಂದಿಲ್ಲ. ಈ ವಾರದ್ದನ್ನು ನಿನ್ನೆ ಬೇಯಿಸಿ ಚೆಲ್ಲಿದೆ. ಇವತ್ತು ಬೆಳಗ್ಗೆ ಮತ್ತೆ ಅಕ್ಕಿ ನೆನೆಹಾಕಿದ್ದೇನೆ.